ಊರನ್ನು ಎತ್ತಿ ನಿಲ್ಲಿಸಿದವರು: ಗ್ಯಾಲ್ವೆಸ್ಟನ್ನಿನ ಸಮಿತಿ, ಸಂಘಗಳ ಕಥೆ

ಗ್ಯಾಲ್ವೆಸ್ಟನ್ನಿನ ಕಡಲಗೋಡೆಯ ಮೇಲೆ ನಡೆದಾಡದ ಹ್ಯೂಸ್ಟನ್ ಕನ್ನಡಿಗರು ಕಡಿಮೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಮೊದಲು ನಾಸಾಗೆ, ಆಮೇಲೆ ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಗೆ, ಅಲ್ಲಿಂದ ಈ ದ್ವೀಪಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿಯೇ ಆಗಿಹೋಗಿದೆ. ಗೋಡೆಯ ಮೇಲೆ ಕೂತು, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು, ಮೆಕ್ಸಿಕೋ ಕೊಲ್ಲಿಯ ಕಂದು ನೀರು ನೋಡಿ, ಮಂಗಳೂರಿನ ಕಡಲಿಗೆ ಇದು ಸಾಟಿಯಲ್ಲ ಎಂದು ಗೊಣಗಿ ವಾಪಸಾಗುತ್ತೇವೆ. ಆ ಗೋಡೆಯನ್ನು ಯಾರು ಕಟ್ಟಿದರು ಎಂದು ಕೇಳಿದರೆ ಬಹಳ ಮಂದಿ 'ಸರ್ಕಾರ' ಅನ್ನುತ್ತಾರೆ. ಅಮೆರಿಕದಲ್ಲಿ ಇಂಥದ್ದನ್ನು ಸರ್ಕಾರ ಕಟ್ಟದೆ ಮತ್ಯಾರು ಕಟ್ಟುತ್ತಾರೆ ಎಂಬ ನಂಬಿಕೆ ನಮ್ಮದು. ಆದರೆ ಗೋಡೆಯ ಮೊದಲ ಮೂರೂ ಚಿಲ್ಲರೆ ಮೈಲಿಗೆ ದುಡ್ಡು ಹೊಂದಿಸಿದ್ದು ಗ್ಯಾಲ್ವೆಸ್ಟನ್ ಕೌಂಟಿಯ ಜನ. ತಾವೇ ವೋಟು ಹಾಕಿ ಸಾಲ ಎತ್ತಲು ಒಪ್ಪಿದರು, ಆ ಸಾಲಪತ್ರಗಳನ್ನು ಬಹುಪಾಲು ತಾವೇ ಕೊಂಡರು. ಗೋಡೆಯ ಹಿಂದಿನ ಊರಿನ ಕಥೆಯಂತೂ ಇನ್ನೂ ಸ್ವಾರಸ್ಯದ್ದು.

1900ರ ಸೆಪ್ಟೆಂಬರ್ 8ರ ಚಂಡಮಾರುತಕ್ಕೆ 2025ರಲ್ಲಿ 125 ವರ್ಷ ತುಂಬಿತು. ಆ ದಿನದ ಸಾವುನೋವಿನ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಮರುದಿನದಿಂದ ಶುರುವಾದ ದುರಸ್ತಿಯ ಬಗ್ಗೆ, ಅದನ್ನು ಮಾಡಿದ ಸಮಿತಿ ಮತ್ತು ಸಂಘಗಳ ಬಗ್ಗೆ ಮಾತು ಕಡಿಮೆ. ಈ ಲೇಖನ ಅವುಗಳದ್ದು.

ಚಂಡಮಾರುತಕ್ಕೆ ಮುಂಚೆ ಗ್ಯಾಲ್ವೆಸ್ಟನ್ ಟೆಕ್ಸಸ್‌ನ ಸಿರಿವಂತ ಊರುಗಳಲ್ಲೊಂದು. 1900ರ ಜನಗಣತಿಯಲ್ಲಿ 37,789 ಜನ. ಹತ್ತಿಯ ದೊಡ್ಡ ಬಂದರು. ಸ್ಟ್ರ್ಯಾಂಡ್ ಎಂಬ ಬೀದಿಯ ತುಂಬ ಬ್ಯಾಂಕುಗಳು, ಸಗಟು ಮಳಿಗೆಗಳು, ಹಡಗು ಕಂಪನಿಗಳ ಕಚೇರಿಗಳು. ಇಷ್ಟೆಲ್ಲ ನಿಂತದ್ದು ಒಂದು ಮರಳ ದಿಬ್ಬದ ಮೇಲೆ. ಊರಿನ ಅತಿ ಎತ್ತರದ ಜಾಗ ಕಡಲ ಮಟ್ಟದಿಂದ ಒಂಬತ್ತು ಅಡಿಯೂ ಇರಲಿಲ್ಲ. ಅದೇ ಕರಾವಳಿಯ ಇನ್ನೊಂದು ಬಂದರು ಇಂಡಿಯನೋಲಾ 1875ರಲ್ಲಿ ಒಮ್ಮೆ, 1886ರಲ್ಲಿ ಮತ್ತೊಮ್ಮೆ ಚಂಡಮಾರುತಕ್ಕೆ ಸಿಕ್ಕಿ ಹೇಳಹೆಸರಿಲ್ಲದೆ ಹೋಯಿತು. ಆಗ ಗ್ಯಾಲ್ವೆಸ್ಟನ್ನಿನ ದೊಡ್ಡ ಮನುಷ್ಯರು ಗೋಡೆ ಕಟ್ಟುವ ಮಾತಾಡಿದರು. ದಿನ ಕಳೆದಂತೆ ಆ ಮಾತು ತಣ್ಣಗಾಯಿತು. 1891ರಲ್ಲಿ ಅಲ್ಲಿನ ಹವಾಮಾನ ಕಚೇರಿಯ ಐಸಾಕ್ ಕ್ಲೈನ್ ಸ್ಥಳೀಯ ಪತ್ರಿಕೆಯಲ್ಲಿ ಬರೆದು, ಈ ಊರಿಗೆ ಚಂಡಮಾರುತದಿಂದ ದೊಡ್ಡ ಅಪಾಯವಿಲ್ಲ ಎಂದು ಸಮಾಧಾನ ಹೇಳಿದರು. ಒಂಬತ್ತು ವರ್ಷದ ನಂತರ ಅವರ ಗರ್ಭಿಣಿ ಹೆಂಡತಿ ಅದೇ ಊರಿನಲ್ಲಿ ಅದೇ ಕಡಲಿಗೆ ಬಲಿಯಾದರು.

ಆ ರಾತ್ರಿ ಕಡಲು ಹದಿನೈದು ಅಡಿಗೂ ಮೀರಿ ಉಬ್ಬಿ ದ್ವೀಪದ ಮೇಲೆ ಹಾಯಿತು. ಸುಮಾರು 3,600 ಮನೆಗಳು ನೆಲಸಮವಾದವು. ಸತ್ತವರು ಆರು ಸಾವಿರಕ್ಕೆ ಕಡಿಮೆಯಿಲ್ಲ, ಎಂಟು ಸಾವಿರ ಎನ್ನುವವರೂ ಇದ್ದಾರೆ. ಅಮೆರಿಕದ ಚರಿತ್ರೆಯಲ್ಲಿ ಇವತ್ತಿಗೂ ಅದಕ್ಕಿಂತ ಹೆಚ್ಚು ಜೀವ ತೆಗೆದ ಪ್ರಕೃತಿ ವಿಕೋಪ ಇಲ್ಲ. ಕಡಲ ದಡದಲ್ಲಿದ್ದ ಸೇಂಟ್ ಮೇರಿ ಅನಾಥಾಲಯದ ಹತ್ತು ಮಂದಿ ಸಿಸ್ಟರ್‌ಗಳು ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಹತ್ತು ಜನರೂ ಹೋದರು, 90 ಮಕ್ಕಳೂ ಹೋದರು. ಉಳಿದವರು ಮೂವರು ಹುಡುಗರು. ಊರಿನ ಒಳಭಾಗ ಅಷ್ಟಾದರೂ ಉಳಿದದ್ದಕ್ಕೆ ಕಾರಣ ಮುರಿದ ಮನೆಗಳೇ. ಅಲೆಗಳು ತಳ್ಳಿಕೊಂಡು ಬಂದ ತೊಲೆ, ಬಾಗಿಲು, ಛಾವಣಿಗಳು ಎರಡು ಮಹಡಿ ಎತ್ತರಕ್ಕೆ ರಾಶಿಬಿದ್ದು ಹಿಂದಿನ ಬೀದಿಗಳಿಗೆ ತಡೆಯಾದವು.

ಮರುದಿನ ಭಾನುವಾರ. ಟ್ರೆಮಾಂಟ್ ಹೋಟೆಲಿನಲ್ಲಿ ಮೇಯರ್ ವಾಲ್ಟರ್ ಜೋನ್ಸ್ ಸೇರಿದಂತೆ ಬದುಕುಳಿದ ಮುಖಂಡರು ಸೇರಿ ಕೇಂದ್ರ ಪರಿಹಾರ ಸಮಿತಿ ಮಾಡಿಕೊಂಡರು. ದುಡ್ಡಿನ ಲೆಕ್ಕಕ್ಕೆ ಒಬ್ಬರು, ಹೆಣಗಳಿಗೆ ಒಬ್ಬರು, ಊಟಕ್ಕೆ ಒಬ್ಬರು, ಪತ್ರವ್ಯವಹಾರಕ್ಕೆ ಒಬ್ಬರು ಎಂದು ಕೆಲಸ ಹಂಚಿಕೊಂಡರು. ರಬ್ಬಿ ಹೆನ್ರಿ ಕೋಹೆನ್ ಮತ್ತು ಕ್ಯಾಥೊಲಿಕ್ ಪಾದ್ರಿ ಜೇಮ್ಸ್ ಕಿರ್ವಿನ್ ಪರಿಹಾರದ ಕೆಲಸಕ್ಕೆ ಜೊತೆಯಾಗಿ ನಿಂತರು. ಮೊದಲ ವಾರದೊಳಗೆ ಕುಡಿಯುವ ನೀರು ಹರಿಯಿತು, ತಂತಿ ಸಂಪರ್ಕ ಬಂತು. ಎರಡನೇ ವಾರ ಹೊಸ ಟೆಲಿಫೋನ್ ತಂತಿ ಎಳೆಯತೊಡಗಿದರು. ಮೂರನೇ ವಾರ ವಿದ್ಯುತ್ ಟ್ರಾಮ್ ಓಡಿತು, ಬಂದರಿನಲ್ಲಿ ಸರಕು ಇಳಿಯಿತು, ಹೆಂಡದಂಗಡಿಗಳೂ ತೆರೆದವು. ಆರರಲ್ಲಿ ಒಬ್ಬರನ್ನು ಕಳೆದುಕೊಂಡ ಊರು ಅದು ಎಂಬುದನ್ನು ನೆನಪಿಟ್ಟುಕೊಂಡು ಈ ಸಾಲುಗಳನ್ನು ಓದಬೇಕು.

ಈ ವೇಗದ ಹಿಂದೆ ಹೇಳಿಕೊಳ್ಳಲಾಗದ ಸಂಗತಿಯೂ ಇದೆ. ಹೆಣ ಸಾಗಿಸುವ ಕೆಲಸಕ್ಕೆ ಕಪ್ಪು ಗಂಡಸರನ್ನು ಬಂದೂಕು ತೋರಿಸಿ ಎಳೆದು ತಂದರು. ನಾತ ತಡೆಯಲಾರದವರಿಗೆ ವಿಸ್ಕಿ ಕುಡಿಸಿದರು. ದೋಣಿಯಲ್ಲಿ ಒಯ್ದು ಕಡಲಿಗೆ ಹಾಕಿದ ಹೆಣಗಳು ಮತ್ತೆ ದಡಕ್ಕೇ ಬಂದವು. ಕೊನೆಗೆ ಸಿಕ್ಕಸಿಕ್ಕಲ್ಲೇ ಸುಟ್ಟರು. ಆ ಚಿತೆಗಳು ವಾರಗಟ್ಟಲೆ ಉರಿದವು. ಹೆಣ ದೋಚಿದವರು ಕರಿಯರೇ ಎಂದು ಅಂದಿನ ಪತ್ರಿಕೆಗಳು ತಪ್ಪು ಹೊರಿಸಿದವು. ಸಮಿತಿಯ ಸಾಧನೆಯನ್ನು ಹೊಗಳುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ರೆಡ್‌ಕ್ರಾಸ್‌ನ ಕ್ಲಾರಾ ಬಾರ್ಟನ್ ಬಂದಾಗ ಅವರಿಗೆ 78 ವರ್ಷ. ಅವರಿಗೆ ಅದು ಕೊನೆಯ ದೊಡ್ಡ ಪರಿಹಾರ ಕಾರ್ಯ. ಅವರು ಮಾಡಿದ ಎರಡು ಕೆಲಸಗಳು ಮುಂದೆ ಫಲ ಕೊಟ್ಟವು. ಎದುರು ದಡದ ರೈತರ ಹೊಲಗಳೂ ಉಪ್ಪು ನೀರಿಗೆ ಹಾಳಾಗಿದ್ದವು. ಅವರಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸ್ಟ್ರಾಬೆರಿ ಸಸಿ ತರಿಸಿ ಹಂಚಿದ್ದು ಒಂದು. ಗಂಡಸರೇ ತುಂಬಿದ್ದ ಪರಿಹಾರ ವ್ಯವಸ್ಥೆಯಲ್ಲಿ ಹೆಂಗಸರಿಗೂ ಜಾಗ ಕೊಡಿ ಎಂದು ಹಟ ಹಿಡಿದದ್ದು ಇನ್ನೊಂದು. ವಾರ್ಡು ವಾರ್ಡಿನಲ್ಲಿ ಬಟ್ಟೆಬರೆ, ಪಾತ್ರೆಪಡಗ ಹಂಚುವ ಉಸ್ತುವಾರಿಗೆ ಊರಿನ ಹೆಂಗಸರು ಬಂದರು. ಕಪ್ಪು ಜನರಿಗೆ ಬೇರೆಯೇ ಸಹಾಯಕ ಸಂಘ ಆಯಿತು. ಅಲ್ಲಿಯವರೆಗೆ ಚರ್ಚಿನ ಬಡಬಗ್ಗರ ನಿಧಿ, ಸಾಹಿತ್ಯ ಕ್ಲಬ್ಬು ಎಂದು ಇದ್ದ ಸಿರಿವಂತ ಮನೆಯ ಹೆಂಗಸರಿಗೆ ಊರು ನಡೆಸುವುದು ಎಂದರೇನು ಎಂಬುದರ ರುಚಿ ಸಿಕ್ಕಿದ್ದು ಆಗ. ಇದರ ಕಥೆಗೆ ಮುಂದೆ ಬರುತ್ತೇನೆ.

ಹಳೆಯ ನಗರಸಭೆ ಸಾಲದಲ್ಲಿ ಮುಳುಗಿತ್ತು. ಬಂದರಿನ ಅಭಿವೃದ್ಧಿಗೆಂದು ವ್ಯಾಪಾರಿಗಳು ಮೊದಲೇ ಕಟ್ಟಿಕೊಂಡಿದ್ದ 'ಡೀಪ್ ವಾಟರ್ ಕಮಿಟಿ' ಎಂಬ ಕೂಟ ಹೊಸ ಆಡಳಿತ ಪದ್ಧತಿಯ ಕರಡು ಮಾಡಿ 1901ರಲ್ಲಿ ಶಾಸನಸಭೆಯಿಂದ ಒಪ್ಪಿಗೆ ತಂದಿತು. ಮೇಯರ್ ಒಬ್ಬರು, ಅವರ ಜೊತೆ ನಾಲ್ವರು ಕಮಿಷನರ್‌ಗಳು. ಪೊಲೀಸು ಮತ್ತು ಅಗ್ನಿಶಾಮಕ ಒಬ್ಬರಿಗೆ, ರಸ್ತೆ ಒಬ್ಬರಿಗೆ, ನೀರು ಚರಂಡಿ ಒಬ್ಬರಿಗೆ, ಹಣಕಾಸು ಒಬ್ಬರಿಗೆ. ಯಾವ ಕೆಲಸ ಕೆಟ್ಟರೂ ಯಾರ ಕೊರಳಪಟ್ಟಿ ಹಿಡಿಯಬೇಕು ಎಂಬುದು ಗೊತ್ತಿರುವ ವ್ಯವಸ್ಥೆ. ಮೊದಲಿಗೆ ಕೆಲವರನ್ನು ಗವರ್ನರ್ ನೇಮಿಸುತ್ತಿದ್ದರು. 1903ರಿಂದ ಐವರನ್ನೂ ಜನ ಆರಿಸಿದರು. ಹಣಕಾಸಿಗೆ ಬಂದ ಐಸಾಕ್ ಕೆಂಪ್ನರ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1915ರವರೆಗೆ ಅವರು ಆ ಕುರ್ಚಿಯಲ್ಲಿದ್ದರು. ಈ 'ಗ್ಯಾಲ್ವೆಸ್ಟನ್ ಪದ್ಧತಿ'ಯನ್ನು ಆಮೇಲೆ ಡಿ ಮೊಯಿನ್ ಸೇರಿ ಅಮೆರಿಕದ ನೂರಾರು ಊರುಗಳು ಎರವಲು ಪಡೆದವು. ಅದನ್ನು ಹುಟ್ಟಿಸಿದ ಊರು 1960ರಲ್ಲಿ ಕೈಬಿಟ್ಟಿತು. ಇದರಲ್ಲೂ ಒಂದು ಕೊಕ್ಕೆ ಇತ್ತು. ಇಡೀ ಊರೇ ಒಂದು ಕ್ಷೇತ್ರವಾದದ್ದರಿಂದಲೂ 1902ರಲ್ಲಿ ಟೆಕ್ಸಸ್ ಮತದಾನಕ್ಕೆ ತಲೆಗಂದಾಯ ಹಾಕಿದ್ದರಿಂದಲೂ ಕಪ್ಪು ಜನರಿಗೆ, ಬಂದರಿನ ಕೂಲಿಗಳಿಗೆ ಆ ಮೇಜಿನ ಸುತ್ತ ಕುರ್ಚಿ ಸಿಗಲಿಲ್ಲ.

ಇನ್ನು ಗೋಡೆ. 1901ರ ಕೊನೆಯಲ್ಲಿ ಮೂವರು ಎಂಜಿನಿಯರುಗಳ ಮಂಡಳಿಯನ್ನು ಊರು ನೇಮಿಸಿತು: ಆಲ್ಫ್ರೆಡ್ ನೋಬಲ್, ಎಚ್.ಸಿ. ರಿಪ್ಲಿ, ಮತ್ತು ಆಗಷ್ಟೇ ಸೇನೆಯಿಂದ ನಿವೃತ್ತರಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್. ಸಂಘ ಸಂಸ್ಥೆಗಳ ಸಭೆ ನಡೆಸುವ ಕ್ರಮವನ್ನು ಬರೆದ 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಪುಸ್ತಕದ ಕರ್ತೃ ಈತನೇ. ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದುನಿಂತು 'ಪಾಯಿಂಟ್ ಆಫ್ ಆರ್ಡರ್' ಎಂದಾಗಲೆಲ್ಲ ಗ್ಯಾಲ್ವೆಸ್ಟನ್ ಗೋಡೆಯ ಎಂಜಿನಿಯರನ್ನು ನೆನೆಯಬಹುದು. 1902ರ ಜನವರಿಯಲ್ಲಿ ಮಂಡಳಿ ವರದಿ ಕೊಟ್ಟಿತು: ಮೂರು ಮೈಲಿಗೂ ಮಿಕ್ಕ ಗೋಡೆ ಕಟ್ಟಬೇಕು, ಜೊತೆಗೆ ಅದರ ಹಿಂದಿನ ಇಡೀ ಊರಿನ ನೆಲವನ್ನು ಎತ್ತರಿಸಬೇಕು. ಗೋಡೆಯೊಂದೇ ಸಾಲದು, ಅದನ್ನು ದಾಟಿ ಬಂದ ನೀರು ಒಳಗೇ ನಿಂತೀತು, ಬುಡ ಕೊರೆದೀತು. ಹಿಂದೆ ಮಣ್ಣಿನ ಇಳಿಜಾರು ಇದ್ದರೆ ನೀರು ಹಿನ್ನೀರ ಕಡೆಗೆ ಹರಿದುಹೋಗುತ್ತದೆ ಎಂಬುದು ಅವರ ತರ್ಕ.

ದಿವಾಳಿಯ ಅಂಚಿನಲ್ಲಿದ್ದ ನಗರಕ್ಕೆ ಸಾಲ ಕೊಡುವವರು ಯಾರು? ಕೌಂಟಿ ಮುಂದೆ ಬಂತು. 15 ಲಕ್ಷ ಡಾಲರ್ ಸಾಲಪತ್ರ ಹೊರಡಿಸಲು ಜನಮತ ಕೇಳಿದಾಗ ಪರವಾಗಿ ಬಿದ್ದ ವೋಟು 3,119; ವಿರುದ್ಧ 22. ಆ ಇಪ್ಪತ್ತೆರಡು ಮಂದಿ ಯಾರಿರಬಹುದು ಎಂಬ ಕುತೂಹಲ ನನಗೆ ಇದ್ದೇ ಇದೆ. ಹೊರಗಿನ ಹೂಡಿಕೆದಾರರು ಹಿಂದೆಮುಂದೆ ನೋಡುತ್ತಿದ್ದಾಗ ಊರವರೇ ಸಾಲಪತ್ರ ಕೊಂಡರು. ಡೆನ್ವರಿನ ಜೆ.ಎಂ. ಓರೂರ್ಕ್ ಕಂಪನಿ 1902ರ ಅಕ್ಟೋಬರಿನಲ್ಲಿ ಕೆಲಸ ಹಿಡಿದು 1904ರ ಜುಲೈಗೆ ಮುಗಿಸಿತು. ಉದ್ದ 17,593 ಅಡಿ. ಎತ್ತರ 17 ಅಡಿ. ಬುಡದಲ್ಲಿ 16 ಅಡಿ ಅಗಲ, ತಲೆಯಲ್ಲಿ 5 ಅಡಿ. ಮರದ ಕಂಬಗಳನ್ನು ಮರಳಿಗೆ ಜಡಿದು ಅದರ ಮೇಲೆ ಕಾಂಕ್ರೀಟು ಹೊಯ್ದರು. ಮುಂದೆ ಗ್ರಾನೈಟ್ ಬಂಡೆ ಸುರಿದರು. ಕಡಲ ಕಡೆಯ ಮುಖವನ್ನು ಒಳಬಾಗಿಸಿ ಕಟ್ಟಿದ್ದರಿಂದ ಬಂದ ಅಲೆ ಮೇಲಕ್ಕೆ ಚಿಮ್ಮಿ ಹಿಂದಕ್ಕೇ ಬೀಳುತ್ತದೆ. ಆಮೇಲೆ ಸೇನೆಯ ಫೋರ್ಟ್ ಕ್ರಾಕೆಟ್ ಮುಂದೆ ಒಕ್ಕೂಟ ಸರ್ಕಾರ ಗೋಡೆಯನ್ನು ಮುಂದುವರಿಸಿತು. ಹಂತ ಹಂತವಾಗಿ ಬೆಳೆದು 1960ರ ದಶಕಕ್ಕೆ ಅದು ಹತ್ತು ಮೈಲಿಯಾಯಿತು.

ಗೋಡೆಗಿಂತ ನನಗೆ ದೊಡ್ಡದಾಗಿ ಕಾಣುವುದು ನೆಲ ಎತ್ತರಿಸಿದ ಕೆಲಸ. ಗೋಡೆಯನ್ನು ಗುತ್ತಿಗೆದಾರರು ಕಟ್ಟಿದರು. ಇದರಲ್ಲಿ ಪ್ರತಿ ಮನೆಯವರೂ ಪಾಲುದಾರರು. ಸುಮಾರು 500 ಬ್ಲಾಕುಗಳಷ್ಟು ಊರು. ಮರಳು ತುಂಬಿಸುವ ಗುತ್ತಿಗೆ ಗೊಡ್‌ಹಾರ್ಟ್ ಅಂಡ್ ಬೇಟ್ಸ್ ಎಂಬ ಸಂಸ್ಥೆಗೆ. ಅದಕ್ಕೆ ದುಡ್ಡಾಗಲೆಂದು ಟೆಕ್ಸಸ್ ರಾಜ್ಯ ಕೆಲವು ವರ್ಷ ತನ್ನ ಪಾಲಿನ ತೆರಿಗೆ ಬಿಟ್ಟುಕೊಟ್ಟಿತು. ಆದರೆ ಮನೆ ಎತ್ತುವ ಖರ್ಚು ಮನೆಯ ಯಜಮಾನನದೇ. ಬಂದರಿನಿಂದ ಊರಿನ ನಡುವೆ 20 ಅಡಿ ಆಳ, 200 ಅಡಿ ಅಗಲ, ಸುಮಾರು ಮೂರು ಮೈಲಿ ಉದ್ದದ ಕಾಲುವೆ ತೋಡಿದರು. ಆ ಸಾಲಿನಲ್ಲಿದ್ದ ಮನೆಗಳನ್ನು ಬುಡಸಮೇತ ಸರಿಸಿ ಬೇರೆ ಕಡೆ ಇಟ್ಟು, ಕೆಲಸ ಮುಗಿದು ಕಾಲುವೆ ಮುಚ್ಚಿದ ಮೇಲೆ ವಾಪಸು ತಂದರು. ಡ್ರೆಡ್ಜರ್ ಹಡಗುಗಳು ಬಂದರಿನ ತಳದ ಮರಳು ಹೀರಿಕೊಂಡು ಕಾಲುವೆಯಲ್ಲಿ ಊರೊಳಕ್ಕೆ ಬಂದು, ಕೊಳವೆಗಳ ಮೂಲಕ ಆ ಮರಳು ನೀರನ್ನು ಒಡ್ಡು ಹಾಕಿದ ಬ್ಲಾಕುಗಳಿಗೆ ಉಗುಳುತ್ತಿದ್ದವು. ನೀರು ಬಸಿದು ಹೋಗಿ ಮರಳು ನಿಲ್ಲುತ್ತಿತ್ತು. ಒಂದು ಚೌಕ ತುಂಬಿದ ಮೇಲೆ ಪಕ್ಕದ ಚೌಕ.

ಅದಕ್ಕೆ ಮುಂಚೆ ಆ ಚೌಕದ ಪ್ರತಿ ಮನೆ, ಅಂಗಡಿ, ಚರ್ಚು ಮೇಲಕ್ಕೆ ಹೋಗಬೇಕಿತ್ತು. ಅಡಿಪಾಯದ ಕೆಳಗೆ ತೊಲೆ ತೂರಿಸಿ ಸಾಲಾಗಿ ಸ್ಕ್ರೂ ಜಾಕ್ ಇಟ್ಟು, ಎಲ್ಲರೂ ಒಂದೇ ಸೂಚನೆಗೆ ಒಂದಿಷ್ಟೇ ತಿರುಗಿಸುವುದು. ಒಬ್ಬ ಹೆಚ್ಚು ತಿರುಗಿಸಿದರೆ ಗೋಡೆ ಬಿರುಕು. ಸೇಂಟ್ ಪ್ಯಾಟ್ರಿಕ್ ಚರ್ಚಿನ ತೂಕ ಸುಮಾರು 3,000 ಟನ್. 700 ಜಾಕುಗಳಿಂದ ಅದನ್ನು ಐದು ಅಡಿ ಎತ್ತಿದರು. ಹೀಗೆ ಎತ್ತಿದ ಕಟ್ಟಡಗಳು ಎರಡು ಸಾವಿರಕ್ಕೂ ಹೆಚ್ಚು. ನೀರಿನ ಕೊಳವೆ, ಗ್ಯಾಸ್ ಕೊಳವೆ, ಟ್ರಾಮ್ ಹಳಿ ಎಲ್ಲವೂ ಮೇಲೆ ಬಂದವು. ಎತ್ತಲಾಗದವರು ಕೆಳ ಅಂತಸ್ತನ್ನೇ ಮರಳಿಗೆ ಬಿಟ್ಟುಕೊಟ್ಟರು. ವರ್ಷಗಟ್ಟಲೆ ಜನ ಮರದ ಕಾಲ್ದಾರಿಯ ಮೇಲೆ, ಎಂಟು ಹತ್ತು ಅಡಿ ಎತ್ತರದಲ್ಲಿ, ಕೆಳಗೆ ಕೊಳೆತ ಕೆಸರಿನ ವಾಸನೆ ಕುಡಿಯುತ್ತ ಅಂಗಡಿಗೂ ಶಾಲೆಗೂ ಓಡಾಡಿದರು. ಕೊನೆಗೆ ಲೆಕ್ಕ ಹಾಕಿದಾಗ ತುಂಬಿಸಿದ ಮರಳು 1.6 ಕೋಟಿ ಘನ ಗಜ ದಾಟಿತ್ತು.

ಇದರ ಗುರುತು ಈಗಲೂ ಕಣ್ಣಿಗೆ ಕಾಣುತ್ತದೆ. ಬ್ರಾಡ್‌ವೇಯಲ್ಲಿ ಆಷ್ಟನ್ ವಿಲ್ಲಾ ಎಂಬ ಇಟ್ಟಿಗೆಯ ಮನೆಯಿದೆ, 1859ರದ್ದು. ಅದರ ಕಬ್ಬಿಣದ ಬೇಲಿ ವಿಪರೀತ ಗಿಡ್ಡ, ಮಗು ದಾಟುವಷ್ಟು. ಹತ್ತಿರ ಹೋಗಿ ನೋಡಿದರೆ ಕುಸುರಿಯ ವಿನ್ಯಾಸ ನಡುವೆಯೇ ನೆಲಕ್ಕೆ ಇಳಿದುಬಿಟ್ಟಿರುತ್ತದೆ. ಬೇಲಿಯ ಉಳಿದ ಭಾಗ ಮಣ್ಣೊಳಗಿದೆ. ಅದೇ ರಸ್ತೆಯ ಸ್ಮಶಾನದಲ್ಲೂ ಹಾಗೆಯೇ. ದುಡ್ಡಿದ್ದ ಮನೆಯವರು ತಮ್ಮ ಹಿರಿಯರ ಸಮಾಧಿಕಲ್ಲನ್ನು ಹೊಸ ನೆಲದ ಮಟ್ಟಕ್ಕೆ ಎತ್ತಿಸಿಕೊಂಡರು. ಇಲ್ಲದವರ ಕಲ್ಲುಗಳು ಮರಳಿನಡಿ ಹೋದವು, ಅವುಗಳ ಮೇಲೆ ಹೊಸ ಸಮಾಧಿಗಳು ಬಂದವು.

ಎತ್ತರಿಸಿದ ಊರು ನೋಡಲು ಹೇಗಿತ್ತು? ಬೋಳು. ಉಪ್ಪು ಮರಳು ಕುತ್ತಿಗೆಯವರೆಗೆ ಬಂದ ಮೇಲೆ ಯಾವ ಮರ ಬದುಕೀತು? ಹುಲ್ಲು, ಗುಲಾಬಿ, ಓಕ್, ಎಲ್ಲ ಹೋಗಿದ್ದವು. ಎಂಜಿನಿಯರುಗಳ ವರದಿಯಲ್ಲಿ ಮರದ ಮಾತಿಲ್ಲ, ಗುತ್ತಿಗೆ ಪತ್ರದಲ್ಲೂ ಇಲ್ಲ. ಅದನ್ನು ತಲೆಗೆ ಹಚ್ಚಿಕೊಂಡದ್ದು 'ವಿಮೆನ್ಸ್ ಹೆಲ್ತ್ ಪ್ರೊಟೆಕ್ಟಿವ್ ಅಸೋಸಿಯೇಷನ್'.

ಈ ಸಂಘ ಹುಟ್ಟಿದ್ದು 1901ರ ಮಾರ್ಚಿನಲ್ಲಿ. ಸೇರಿದವರು 66 ಹೆಂಗಸರು. ಪರಿಹಾರ ಸಮಿತಿಯ ವಾರ್ಡು ಕೆಲಸದಲ್ಲಿ ಪಳಗಿದ ಕೈಗಳು ಅದರಲ್ಲಿದ್ದವು. ಮೊದಲು ಹಿಡಿದ ಕೆಲಸ ಎಂಥವರ ಎದೆಯನ್ನೂ ನಡುಗಿಸುವಂಥದ್ದು. ಆತುರದಲ್ಲಿ ಅಲ್ಲಲ್ಲೇ ಹೂತಿದ್ದ ಹೆಣಗಳಿಗೆ ಮರ್ಯಾದೆಯ ಸಂಸ್ಕಾರ ಆಗುವಂತೆ ನೋಡಿಕೊಳ್ಳುವುದು. ಆಮೇಲೆ ಊರಿನ ಆರೋಗ್ಯ: ಹಾಲಿನ ಕಲಬೆರಕೆ, ಮಾರುಕಟ್ಟೆಯ ಮಾಂಸ, ಬೇಕರಿಗಳ ಕೊಳಕು, ಶಾಲೆಗಳ ಶುಚಿ. ಸದಸ್ಯೆಯರು ತಾವೇ ಹೋಗಿ ಅಂಗಡಿಗಳನ್ನು ನೋಡಿ ಬಂದು ಕಮಿಷನರ್‌ಗಳ ಮುಂದೆ ದೂರಿಡುತ್ತಿದ್ದರು. ಅವರಿಗಾಗ ವೋಟಿನ ಹಕ್ಕೇ ಇರಲಿಲ್ಲ. ವೋಟಿಲ್ಲದವರ ಮಾತನ್ನು ಕಮಿಷನರ್‌ಗಳು ಕೇಳಿದ್ದು ಏಕೆಂದರೆ ಈ ಹೆಂಗಸರ ಮನೆಯವರೇ ಊರಿನ ಬ್ಯಾಂಕು, ಬಂದರು, ಹತ್ತಿ ಮಂಡಿ ನಡೆಸುತ್ತಿದ್ದರು. ಅದನ್ನೂ ಹೇಳಿಬಿಡಬೇಕು. ಸಂಘದಲ್ಲಿ ಕಪ್ಪು ಹೆಂಗಸರಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ.

ಮರ ನೆಡುವ ಕೆಲಸ 1906ರ ಸುಮಾರಿಗೆ, ಒಂದೊಂದೇ ಚೌಕ ತುಂಬಿ ಮುಗಿಯುತ್ತ ಬಂದಂತೆ ಶುರುವಾಯಿತು. ಮರಳಿನ ಮೇಲೆ ಹೊರಗಿನಿಂದ ಒಳ್ಳೆಯ ಮಣ್ಣು ತಂದು ಹಾಕಬೇಕು, ಉಪ್ಪು ತಡೆಯುವ ಜಾತಿಗಳನ್ನು ಆರಿಸಬೇಕು, ಮನೆಮನೆಯವರಿಂದ ನೀರು ಹಾಕಿಸಬೇಕು. ದುಡ್ಡು ಕೂಡಿಸಲು ಕುದುರೆ ಪ್ರದರ್ಶನ ನಡೆಸಿದರು. ಊರಿನ ದೊಡ್ಡಸ್ತಿಕೆಯವರು ತಮ್ಮ ಸಾರೋಟು ತೋರಿಸಿಕೊಳ್ಳಲು ಟಿಕೆಟ್ ಕೊಂಡು ಬಂದರು, ಆ ದುಡ್ಡು ಸಸಿಗೆ ಹೋಯಿತು. 1912ರ ಹೊತ್ತಿಗೆ ಸುಮಾರು 10,000 ಮರಗಳು, 2,500 ಕಣಗಿಲೆ ಗಿಡಗಳು ನಿಂತಿದ್ದವು. ನಮ್ಮ ಊರುಗಳಲ್ಲಿ ದೇವರ ಪೂಜೆಗೆ ಕೊಯ್ಯುವ ಅದೇ ಕಣಗಿಲೆ. 1841ರಲ್ಲಿ ಜೋಸೆಫ್ ಆಸ್ಟರ್‌ಮನ್ ಎಂಬ ವ್ಯಾಪಾರಿ ಜಮೈಕಾದಿಂದ ತೊಟ್ಟಿಯಲ್ಲಿಟ್ಟು ತಂದ ಗಿಡ ಅಲ್ಲಿ ಬೇರುಬಿಟ್ಟಿತ್ತು. ಉಪ್ಪುಗಾಳಿಗೆ ಜಗ್ಗುವುದಿಲ್ಲ, ದನ ಬಾಯಿ ಹಾಕುವುದಿಲ್ಲ, ಬರಕ್ಕೂ ಬಾಡುವುದಿಲ್ಲ. ಸಂಘ ಅದನ್ನೇ ನೆಚ್ಚಿಕೊಂಡದ್ದು ಸರಿಯಾದ ಲೆಕ್ಕಾಚಾರ. 'ಕಣಗಿಲೆಯ ಊರು' ಎಂಬ ಹೆಸರು ಗ್ಯಾಲ್ವೆಸ್ಟನ್ನಿಗೆ ಗಟ್ಟಿಯಾಯಿತು. 1967ರಲ್ಲಿ ಅಲ್ಲಿ ಕಣಗಿಲೆಗೇ ಮೀಸಲಾದ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು.

ಇದೇ ಸಂಘದ ಎಷ್ಟೋ ಹೆಂಗಸರು 1912ರಲ್ಲಿ ಊರಿನಲ್ಲಿ ಮತದಾನದ ಹಕ್ಕಿನ ಸಂಘ ಶುರುವಾದಾಗ ಅಲ್ಲೂ ಕಂಡರು. ಹಾಲಿನ ಇನ್ಸ್‌ಪೆಕ್ಟರ್ ನೇಮಕಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದವರಿಗೆ ವೋಟು ಏಕೆ ಬೇಕು ಎಂದು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ.

1915ರ ಆಗಸ್ಟಿನಲ್ಲಿ 1900ರದ್ದಕ್ಕೆ ಕಡಿಮೆಯಿಲ್ಲದ ಚಂಡಮಾರುತ ಬಂತು. ಮೂರು ವರ್ಷದ ಹಿಂದಷ್ಟೇ ತೆರೆದಿದ್ದ ದೊಡ್ಡ ಸೇತುವೆ ಮುರಿಯಿತು, ದಡದ ಕಟ್ಟಡಗಳು ಹೋದವು. ಗೋಡೆ ನಿಂತಿತು. ಗೋಡೆಯ ಹಿಂದಿನ ಊರಿನಲ್ಲಿ ಸತ್ತವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಊರು ಉಳಿಯಿತು, ಆದರೆ ವ್ಯಾಪಾರ ಉಳಿಯಲಿಲ್ಲ. 1901ರಲ್ಲಿ ಟೆಕ್ಸಸ್‌ನ ಸ್ಪಿಂಡಲ್‌ಟಾಪ್ ಎಂಬಲ್ಲಿ ಎಣ್ಣೆ ಚಿಮ್ಮಿತು, 1914ರಲ್ಲಿ ಹ್ಯೂಸ್ಟನ್ನಿಗೆ ಆಳದ ಹಡಗು ಕಾಲುವೆ ತೆರೆಯಿತು, ಸರಕೆಲ್ಲ ಒಳನಾಡಿನ ಆ ಬಂದರಿಗೆ ಹೊರಳಿತು. ನಾವೆಲ್ಲ ಇಂದು ಹ್ಯೂಸ್ಟನ್ನಿನಲ್ಲಿ ಇರುವುದಕ್ಕೂ ಗ್ಯಾಲ್ವೆಸ್ಟನ್ ಸೊರಗಿದ್ದಕ್ಕೂ ನಂಟಿದೆ. ಸೊರಗಿದ್ದರಿಂದ ಒಂದು ಲಾಭವೂ ಆಯಿತು: ಹಳೆಯದನ್ನು ಕೆಡವಿ ಹೊಸದು ಕಟ್ಟುವ ದುಡ್ಡು ಯಾರ ಬಳಿಯೂ ಇರಲಿಲ್ಲ. ಸ್ಟ್ರ್ಯಾಂಡಿನ ಎರಕದ ಕಬ್ಬಿಣದ ಮುಂಭಾಗದ ಕಟ್ಟಡಗಳು ದೂಳು ತಿನ್ನುತ್ತ ಹಾಗೇ ನಿಂತವು.

ಅವನ್ನು ಎತ್ತಿಕೊಂಡದ್ದು ಗ್ಯಾಲ್ವೆಸ್ಟನ್ ಹಿಸ್ಟಾರಿಕಲ್ ಫೌಂಡೇಷನ್. 1871ರ ಚರಿತ್ರೆ ಸಂಘವೊಂದು ಅದರ ಬೇರು. ಈಗಿನ ರೂಪಕ್ಕೆ ಬಂದದ್ದು 1954ರಲ್ಲಿ, ಕೆಡವಲು ಸಿದ್ಧವಾಗಿದ್ದ ಸ್ಯಾಮ್ಯುಯಲ್ ಮೇ ವಿಲಿಯಮ್ಸ್ ಎಂಬವರ ಹಳೆಯ ಮನೆಯನ್ನು ಉಳಿಸಿಕೊಳ್ಳಲು. 1973ರಲ್ಲಿ ಊರಿನದೇ ಮೂಡಿ ಮತ್ತು ಕೆಂಪ್ನರ್ ದತ್ತಿಗಳ ನೆರವಿನಿಂದ ಫೌಂಡೇಷನ್ ಒಂದು ಸುತ್ತುನಿಧಿ ಮಾಡಿಕೊಂಡಿತು. ಪಾಳು ಕಟ್ಟಡದ ಹಕ್ಕು ಕೊಂಡು, ಮೂಲ ರೂಪ ಕೆಡಿಸದೆ ದುರಸ್ತಿ ಮಾಡುವ ಕರಾರಿನ ಮೇಲೆ ಬೇರೆಯವರಿಗೆ ಮಾರಿ, ಬಂದ ದುಡ್ಡಿನಲ್ಲಿ ಮುಂದಿನ ಕಟ್ಟಡಕ್ಕೆ ಕೈಹಾಕುವುದು. 1877ರ 'ಎಲಿಸಾ' ಎಂಬ ಕಬ್ಬಿಣದ ಹಾಯಿಹಡಗನ್ನೂ ಕೊಂಡು ತಂದು, ಬಹಳಷ್ಟು ಸ್ವಯಂಸೇವಕರ ದುಡಿಮೆಯಿಂದಲೇ 1982ರಲ್ಲಿ ಮತ್ತೆ ಕಡಲಿಗಿಳಿಸಿದರು. 1900ರ ಚಂಡಮಾರುತದಿಂದ ಉಳಿದು ಬಂದ ಮನೆಗಳಿಗೆ ಫಲಕ ಕೊಡುವ ಪದ್ಧತಿಯೂ ಈ ಸಂಸ್ಥೆಯದೇ. ಗಲ್ಲಿಗಳಲ್ಲಿ ನಡೆದರೆ ಬಾಗಿಲ ಪಕ್ಕದಲ್ಲಿ ಆ ಫಲಕಗಳು ಕಾಣುತ್ತವೆ.

2008ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಐಕ್ ಚಂಡಮಾರುತ ಬಂತು. ಈ ಸಲ ನೀರು ಮುಖ್ಯವಾಗಿ ನುಗ್ಗಿದ್ದು ಹಿಂಬದಿಯ ಹಿನ್ನೀರಿನಿಂದ. ಗೋಡೆ ನೋಡುವುದು ಕಡಲಿನ ಕಡೆಗೆ ಮಾತ್ರ. ಊರಿನ ಮುಕ್ಕಾಲು ಪಾಲು ಮನೆಗಳಿಗೆ ಹಾನಿಯಾಯಿತು. ಸ್ಟ್ರ್ಯಾಂಡಿನ ಅಂಗಡಿಗಳಲ್ಲಿ ಆಳು ಮುಳುಗುವಷ್ಟು ನೀರು ನಿಂತಿತು. ನಮ್ಮಲ್ಲಿ ಕೆಲವು ವೈದ್ಯರಿಗೆ ಪರಿಚಿತವಾದ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಜಲಾವೃತವಾಗಿ, ಅಲ್ಲಿನ ಸುಮಾರು 3,000 ಕೆಲಸಗಳಿಗೆ ಕತ್ತರಿ ಬಿತ್ತು. ಮುನ್ನೂರಕ್ಕೂ ಹೆಚ್ಚು ನಾಗರಿಕರು ಸೇರಿದ ಪುನಶ್ಚೇತನ ಸಮಿತಿ ಮುಂದಿನ ವಸಂತದೊಳಗೆ ನಲವತ್ತಕ್ಕೂ ಹೆಚ್ಚು ಯೋಜನೆಗಳ ಪಟ್ಟಿ ಕೊಟ್ಟಿತು. ಫೌಂಡೇಷನ್ ಹಳೆಯ ಮನೆಗಳ ಬಾಗಿಲು, ಕಿಟಕಿ, ಹಲಗೆಗಳನ್ನು ಕಸಕ್ಕೆ ಹೋಗಗೊಡದೆ ಕೂಡಿಟ್ಟು, ದುರಸ್ತಿ ಮಾಡಿಕೊಳ್ಳುವವರಿಗೆ ಒದಗಿಸುವ ಉಗ್ರಾಣ ತೆರೆಯಿತು.

ಎಲ್ಲಕ್ಕಿಂತ ಊರವರ ಕರುಳು ಹಿಂಡಿದ್ದು ಮರಗಳು. ನೀರು ಇಳಿದಾಗ ಬ್ರಾಡ್‌ವೇಯ ಓಕ್ ಮರಗಳು ನಿಂತೇ ಇದ್ದವು. 2009ರ ವಸಂತದಲ್ಲಿ ಚಿಗುರಲಿಲ್ಲ. ಬೇರಿಗೆ ಉಪ್ಪು ಇಳಿದಿತ್ತು. ದ್ವೀಪದಲ್ಲಿ ಸುಮಾರು 40,000 ಮರ ಹೋದವೆಂದು ಅಂದಾಜು. ನೂರು ವರ್ಷದ ಹಿಂದೆ ಆ ಹೆಂಗಸರ ಸಂಘ ನೆಟ್ಟವೂ ಅದರಲ್ಲಿ ಸೇರಿದ್ದವು. ಕಡಿಯುವಾಗ ಕೆಲವು ಮನೆಯವರು ಅಂಗಳದ ಬೊಡ್ಡೆಯನ್ನು ಹಾಗೇ ಉಳಿಸಿಕೊಂಡು ಮರಗೆತ್ತನೆಯವರಿಂದ ಕೊಕ್ಕರೆ, ನಾಯಿ, ದೇವತೆಗಳನ್ನು ಕೆತ್ತಿಸಿದರು. ಒಳ್ಳೆಯ ದಿಮ್ಮಿಗಳು ಕನೆಕ್ಟಿಕಟ್‌ನ ಮಿಸ್ಟಿಕ್ ಬಂದರಿಗೆ ಹೋಗಿ, 1841ರ ತಿಮಿಂಗಿಲ ಬೇಟೆಯ ಹಡಗು 'ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್'ನ ದುರಸ್ತಿಗೆ ಬಳಕೆಯಾದವು. ಆ ಹಡಗು 2013ರಲ್ಲಿ ನೀರಿಗಿಳಿಯಿತು. ಮತ್ತೆ ಸಸಿ ನೆಡಲು ಊರವರು ಗ್ಯಾಲ್ವೆಸ್ಟನ್ ಐಲೆಂಡ್ ಟ್ರೀ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕಟ್ಟಿದರು.

ಆದರೆ ಐಕ್ ನಂತರ ಕೆಡವಿದ ಬಡವರ ಸಾರ್ವಜನಿಕ ವಸತಿಯ 569 ಮನೆಗಳನ್ನು ಮತ್ತೆ ಕಟ್ಟುವ ವಿಷಯಕ್ಕೆ ಬಂದಾಗ ಅದೇ ಊರು ವರ್ಷಗಟ್ಟಲೆ ಜಗಳವಾಡಿತು. ಅವುಗಳಲ್ಲಿದ್ದವರು ಬಹುಪಾಲು ಕಪ್ಪು ಜನ. ಮರ ನೆಡಲು ಇದ್ದ ಒಗ್ಗಟ್ಟು ಬಡವರ ಮನೆ ಕಟ್ಟಲು ಇರಲಿಲ್ಲ. 1901ರ ಕಮಿಷನ್ನಿನ ಮೇಜಿಗೂ ಈ ಜಗಳಕ್ಕೂ ಇರುವ ಸಂಬಂಧವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹಿನ್ನೀರಿನ ಬಾಯಿಗೇ ದೈತ್ಯ ಬಾಗಿಲು ಹಾಕುವ 'ಐಕ್ ಡೈಕ್' ಯೋಜನೆಯ ಮಾತು ನಡೆದಿದೆ. ಗ್ಯಾಲ್ವೆಸ್ಟನ್ನಿನ ಟೆಕ್ಸಸ್ ಎ ಅಂಡ್ ಎಂ ಪ್ರಾಧ್ಯಾಪಕ ವಿಲಿಯಂ ಮೆರೆಲ್ ಐಕ್ ಆದ ಕೂಡಲೇ ಮುಂದಿಟ್ಟ ಕಲ್ಪನೆ ಅದು. ಮೂರು ಸಾವಿರ ಕೋಟಿ ಡಾಲರ್ ಮೀರುವ ಈ ಕರಾವಳಿ ಯೋಜನೆಗೆ ಕಾಂಗ್ರೆಸ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಈ ಮೊತ್ತವನ್ನು ಯಾವ ಕೌಂಟಿಯ ಜನವೂ ಸಾಲಪತ್ರ ಕೊಂಡು ಹೊಂದಿಸಲಾರರು. ಅದು ಮುಗಿಯುವವರೆಗೆ ಊರನ್ನು ಕಾಯುವುದು ಆ ಹಳೆಯ ಗೋಡೆ, ಎತ್ತರಿಸಿದ ನೆಲ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ದ್ವೀಪಕ್ಕೆ ಹೋದಾಗ ಕಡಲ ದಡದಲ್ಲೇ ದಿನ ಕಳೆಯಬೇಡಿ. 1904ರಿಂದ ನಡೆಯುತ್ತಿರುವ ರೋಸನ್‌ಬರ್ಗ್ ಗ್ರಂಥಾಲಯಕ್ಕೆ ಒಂದು ಗಂಟೆ ಕೊಡಿ. ಈ ಊರಿನ ಹಳೆಯ ಕಾಗದಪತ್ರ, ಫೋಟೋಗಳ ಭಂಡಾರ ಅಲ್ಲಿದೆ. ಹಿಸ್ಟಾರಿಕಲ್ ಫೌಂಡೇಷನ್ನಿಗೆ ಯಾರು ಬೇಕಾದರೂ ಸದಸ್ಯರಾಗಬಹುದು. ಮರ ನೆಡುವ ಸಂಸ್ಥೆಗೆ ಗುದ್ದಲಿ ಹಿಡಿಯುವ ಕೈಗಳು ಯಾವಾಗಲೂ ಬೇಕು. ನಮ್ಮ ಸಂಘದಿಂದ ವರ್ಷಕ್ಕೊಂದು ಶನಿವಾರ ಒಂದು ತಂಡ ಅಲ್ಲಿಗೆ ಹೋಗುವಂತಾದರೆ, ಈ ಲೇಖನಕ್ಕೆ ಸಂಚಿಕೆ ಕೊಟ್ಟ ಪುಟಗಳು ದಂಡವಾಗಲಿಲ್ಲ ಎಂದುಕೊಳ್ಳುತ್ತೇನೆ.